ಗುಬ್ಬಿಯಿಂದ ಗೀಜಗದವರೆಗೆ: ಸಲೀಂ ಅಲಿ ಆತ್ಮಕಥೆ

ಪಕ್ಷಿತಜ್ಞ ಸಲೀಂ ಅಲಿಯವರ (1896–1987) ಆತ್ಮಕಥೆ ‘ದಿ ಫಾಲ್ ಆಫ್ ಎ ಸ್ಪ್ಯಾರೋ’ ಬಂದದ್ದು 1985ರಲ್ಲಿ. ಬಾಲ್ಯದಲ್ಲಿ ಏರ್‌ಗನ್ನಿಗೆ ಬಿದ್ದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಅದು ಯಾವ ಹಕ್ಕಿ ಎಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಪ್ರಸಂಗ ಬಹಳ ಜನರಿಗೆ ಗೊತ್ತು. ಆದರೆ ಪುಸ್ತಕದ ಜೀವಾಳ ಮಹಾರಾಷ್ಟ್ರದ ಅಲಿಬಾಗ್ ಬಳಿಯ ಕಿಹಿಮ್‌ನಲ್ಲಿದೆ.

ಕೆಲಸವಿಲ್ಲದೆ ಆ ಕಡಲತೀರದ ಊರು ಸೇರಿದವರು 1930ರ ಮಳೆಗಾಲದಲ್ಲಿ ಗೀಜಗನ ಗೂಡುಗಳನ್ನು ಗಮನಿಸುತ್ತಾ ಕೂತರು. ಗಂಡು ಅರ್ಧ ಗೂಡು ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸಿ ಒಪ್ಪಿದರಷ್ಟೇ ಮೊಟ್ಟೆಯ ಕೋಣೆ, ಇಳಿಬಿದ್ದ ಕೊಳವೆಬಾಗಿಲು ಪೂರ್ತಿಯಾಗುತ್ತವೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತಾಗ ಗಂಡು ಮುಂದಿನ ಗೂಡು ಶುರುಮಾಡಿರುತ್ತದೆ. ಒಪ್ಪಿಗೆಯಾಗದ ಗೂಡುಗಳು ಅರ್ಧಕ್ಕೇ ಉಳಿಯುತ್ತವೆ. ಮರದಲ್ಲಿ ತೂಗುವ ಅರೆಬರೆ ಗೂಡುಗಳಿಗೆ ಇದೇ ಕಾರಣ. ಎಷ್ಟು ಸೊಗಸಾದ ವಿವರಣೆ!

1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡರು. ಆ ಅಗಲಿಕೆಯ ಪುಟಗಳನ್ನು ನಿಧಾನವಾಗಿ ಓದಬೇಕು. ಮೋಟಾರ್‌ಸೈಕಲ್ ಹುಚ್ಚಿನ ಭಾಗವೂ ಲವಲವಿಕೆಯದು: 1950ರಲ್ಲಿ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಸಾಗಿಸಿ, ಸ್ವೀಡನ್‌ನ ಉಪ್ಸಾಲಾದ ಪಕ್ಷಿತಜ್ಞರ ಸಮ್ಮೇಳನಕ್ಕೆ ಅದರಲ್ಲೇ ಹೋದವರು ಅವರು.

ಪಕ್ಷಿ ಸಮೀಕ್ಷೆಯ ಅಧ್ಯಾಯಗಳಲ್ಲಿ ಅಧಿಕಾರಿಗಳ, ಸಂಸ್ಥಾನಿಕರ ಹೆಸರುಗಳೇ ದಟ್ಟ. ಹೊಸಬರು ಅಲ್ಲೇ ಪುಸ್ತಕ ಮುಚ್ಚಿಡುವುದುಂಟು. ಮೊದಲು ಕಿಹಿಮ್ ಭಾಗ ಓದಿ, ಆಮೇಲೆ ಆರಂಭಕ್ಕೆ ಮರಳಿ. ಹಕ್ಕಿಗಳ ಚಿತ್ರಕ್ಕೆ ಅವರದೇ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಪಕ್ಕದಲ್ಲಿರಲಿ.