‘ಸೋಪ್‌ವರ್ಟ್’ ಅಂತ ಮಾರುವುದೆಲ್ಲ ಒಂದೇ ಗಿಡ ಅಲ್ಲ, ಹುಷಾರು

ಡೆನ್ವರ್ ಸುತ್ತಮುತ್ತ ಇದ್ದುಕೊಂಡು ಹಿತ್ತಲಲ್ಲಿ ನಾಲ್ಕು ಗಿಡ ಹಾಕಿಕೊಂಡಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆನ್‌ಲೈನಿನಲ್ಲಿ ಬರೀ ‘ಸೋಪ್‌ವರ್ಟ್’ ಎಂದು ಹೆಸರು ಹಾಕಿದ ಗಿಡ ಕಂಡರೆ, ಅದರ ಪೂರ್ತಿ ಸಸ್ಯಶಾಸ್ತ್ರದ ಹೆಸರು ಕೇಳದೆ ತರಿಸಬೇಡಿ. ನಮ್ಮ ಮನೆಯಲ್ಲಿ ಆದ ರಾದ್ಧಾಂತ ಇನ್ನೂ ಮುಗಿದಿಲ್ಲ.

ಈ ಹೆಸರಿನಲ್ಲಿ ಇಲ್ಲಿ ಮುಖ್ಯವಾಗಿ ಎರಡು ಗಿಡ ಸಿಗುತ್ತವೆ. ಒಂದು ಸಪೋನೇರಿಯಾ ಒಸಿಮಾಯ್ಡಿಸ್, ಅಂದರೆ ರಾಕ್ ಸೋಪ್‌ವರ್ಟ್. ಆಲ್ಪ್ಸ್ ಕಡೆಯ ಬೆಟ್ಟದ ಗಿಡ. ಹೆಚ್ಚೆಂದರೆ ಒಂದು ಗೇಣು ಎತ್ತರ. ಕಲ್ಲುಗಳ ಮೇಲೆ ಚಾಪೆಯಂತೆ ಹರಡಿಕೊಂಡು, ಚಳಿ ಹೋದ ಮೇಲೆ ಸಣ್ಣ ಗುಲಾಬಿ ಹೂ ಬಿಡುತ್ತದೆ. ನೀರು ಕಡಿಮೆ ಸಾಕು, ತಂಟೆಯೂ ಕಡಿಮೆ. ಇನ್ನೊಂದು ಸಪೋನೇರಿಯಾ ಅಫಿಷಿನಾಲಿಸ್. ಇಲ್ಲಿಯವರು ಬೌನ್ಸಿಂಗ್ ಬೆಟ್ ಎನ್ನುತ್ತಾರೆ. ಯುರೋಪಿನಿಂದ ವಲಸೆ ಬಂದವರು ಬಟ್ಟೆ ಒಗೆಯಲು ಜೊತೆಗೆ ತಂದಿದ್ದ ಗಿಡ ಇದು. ಈಗ ರಸ್ತೆ ಬದಿ, ರೈಲು ಹಳಿ ಪಕ್ಕ, ಹಳ್ಳದ ದಂಡೆ ಎಲ್ಲೆಲ್ಲೂ ತಾನೇ ಬೆಳೆದು ನಿಂತಿದೆ. ನಮ್ಮ ಕೊಲೊರಾಡೊ ರಾಜ್ಯದ ಅಪಾಯಕಾರಿ ಕಳೆಗಳ ‘ಬಿ’ ಪಟ್ಟಿಯಲ್ಲಿ, ಅಂದರೆ ಇನ್ನಷ್ಟು ಹರಡದಂತೆ ತಡೆಯಬೇಕಾದ ಕಳೆಗಳ ಪಟ್ಟಿಯಲ್ಲಿ, ಇದರ ಹೆಸರಿದೆ.

ನಾವು ಕೇಳಿದ್ದು ಮೊದಲನೆಯದನ್ನು. ಡ್ರೈವ್‌ವೇ ಪಕ್ಕ ಬಿಸಿಲು ಹೊಡೆಯುವ ಇಳಿಜಾರು ಜಾಗ ಇದೆ, ಅಲ್ಲಿ ಹುಲ್ಲು ಉಳಿಸಿಕೊಳ್ಳಲು ನೀರು ಸುರಿದು ಸುರಿದು ಸಾಕಾಗಿತ್ತು. ಜಾಹೀರಾತಿನಲ್ಲಿ ಹಾಕಿದ್ದೂ ಆ ಗಿಡ್ಡ ಗಿಡದ ಫೋಟೋನೇ. ‘ನೆಲ ಮುಚ್ಚುತ್ತದೆ, ಜಿಂಕೆ ತಿನ್ನಲ್ಲ, ಬೇರಿನಿಂದ ಶಾಂಪೂ ಮಾಡಿಕೊಳ್ಳಬಹುದು’ ಎಂದು ಕೆಳಗೆ ಬರೆದಿತ್ತು. ಸೀಗೆಕಾಯಿ, ಅಂಟುವಾಳ ಬಲ್ಲವರಿಗೆ ಆ ಕೊನೆಯ ಸಾಲು ಸಾಕಲ್ವಾ! ಬಂದ ಸಸಿಗಳು ತೀರಾ ಚಿಕ್ಕವು, ಕಡ್ಡಿಗೆ ಎರಡು ಜೊತೆ ಎಲೆ. ಆ ವಯಸ್ಸಿನಲ್ಲಿ ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ.

ಮೊದಲ ಬೇಸಿಗೆ ಸುಮ್ನೆ ಕೂತಿತ್ತು. ಚಳಿಗೆ ಮೇಲಿನ ಭಾಗ ಒಣಗಿತು. ಮುಂದಿನ ವಸಂತದಲ್ಲಿ ನೆಟ್ಟ ಜಾಗದಿಂದ ಮಾರು ದೂರದಲ್ಲಿ ಮೊಳಕೆ ಎದ್ದವು. ಜುಲೈ ಹೊತ್ತಿಗೆ ತೊಡೆ ಮಟ್ಟಕ್ಕೆ ಬೆಳೆದು ಹೂ ಬಿಟ್ಟಿತು. ಹೂ ಚೆಂದ, ಅದನ್ನು ಒಪ್ಪಿಕೊಳ್ಳಲೇಬೇಕು. ಸಂಜೆ ಕವಿದ ಮೇಲೆ ಘಮ ಜಾಸ್ತಿಯಾಗುತ್ತದೆ, ಆಗ ದೊಡ್ಡ ದೊಡ್ಡ ಹಾಕ್ ಪತಂಗಗಳು ಬರುತ್ತವೆ. ಅದನ್ನು ನೋಡಲೆಂದೇ ನಾವು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು.

ಮಾರಿದವರಿಗೆ ಫೋಟೋ ಕಳಿಸಿ ಕೇಳಿದೆ. ‘ಎರಡೂ ಸೋಪ್‌ವರ್ಟೇ, ವಾಪಸ್ ಕಳಿಸುವ ಅವಧಿ ಮುಗಿದಿದೆ’ ಎಂದು ಉತ್ತರ ಬಂತು. ಅಷ್ಟೇ.

ಕೀಳಿಸೋಣ ಎಂದು ತೋಟದ ಕೆಲಸದವರನ್ನು ಕರೆಸಿದೆವು. ‘ಒಂದೇ ಸಲಕ್ಕೆ ಮುಗಿಸ್ತೀವಿ’ ಎಂದು ಅವರು ಟಿಲ್ಲರ್ ಓಡಿಸಿದರು. ಹಾಳಾಗಿದ್ದು ಅಲ್ಲೇ. ಈ ಗಿಡ ಹರಡುವುದು ನೆಲದಡಿ ಅಡ್ಡ ಓಡುವ ಬೇರುಕಾಂಡದಿಂದ. ಗಿಣ್ಣಿರುವ ಒಂದು ತುಂಡು ಮಣ್ಣಲ್ಲಿ ಉಳಿದರೂ ಸಾಕು, ಮತ್ತೆ ಚಿಗುರುತ್ತದೆ. ಟಿಲ್ಲರ್ ಅದನ್ನು ಕೊಚ್ಚಿ ಇಡೀ ಇಳಿಜಾರಿಗೆ ಬಿತ್ತಿದ ಹಾಗಾಯಿತು. ಒಂದು ಮೂಲೆಯಲ್ಲಿದ್ದದ್ದು ಈಗ ಎಲ್ಲ ಕಡೆ. ಪಕ್ಕದ ಮನೆಯವರ ಬೇಲಿ ಸಂದಿಯಲ್ಲೂ ತಲೆ ಎತ್ತಿದೆ, ಅವರ ಮುಖ ನೋಡಲು ನಮಗೇ ಸಂಕೋಚ.

ಅದಕ್ಕಿಂತ ಹೊಟ್ಟೆ ಉರಿಸಿದ ಸಂಗತಿ ಇನ್ನೊಂದಿದೆ. ಹಿತ್ತಲಿನಲ್ಲಿ ಮರದ ಪೀಪಾಯಿಯಲ್ಲಿ ಗೋಲ್ಡ್‌ಫಿಶ್ ಸಾಕಿದ್ದೆವು. ಕಿತ್ತ ಬೇರುಗಳಲ್ಲಿ ನೊರೆ ಬರುತ್ತದಾ ನೋಡೋಣ ಎಂದು ಮಕ್ಕಳು ಜಜ್ಜಿ, ಅದೇ ನೀರಿನಲ್ಲಿ ಅದ್ದಿ ಆಡಿದ್ದಾರೆ. ಸಂಜೆಗೆ ಮೀನೆಲ್ಲ ಮೇಲೆ ತೇಲುತ್ತಿದ್ದವು. ನೊರೆ ಕೊಡುವ ಸಪೋನಿನ್ ಮೀನಿನ ಕಿವಿರನ್ನೇ ಕೆಡಿಸುತ್ತದೆ, ಉಸಿರಾಡಲು ಆಗುವುದಿಲ್ಲ. ನಮ್ಮ ಮಲೆನಾಡಿನ ಕಡೆ ಹಿಂದೆ ಕಾರೆಕಾಯಿ ಜಜ್ಜಿ ಹಳ್ಳದ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದರಲ್ಲ, ಅದೂ ಸಪೋನಿನ್ ಕೆಲಸವೇ. ಕೊಳ, ಮೀನಿನ ತೊಟ್ಟಿ ಇರುವ ಮನೆಯಲ್ಲಿ ಈ ಗಿಡ ದಡದ ಹತ್ತಿರವೂ ಬೇಡ. ನಾಯಿ, ಮಕ್ಕಳು ಬೇರು ಅಥವಾ ಬೀಜ ತಿಂದರೆ ವಾಂತಿ, ಭೇದಿ ಆಗಬಹುದು.

ಶಾಂಪೂ ಆಸೆಯ ಬಗ್ಗೆಯೂ ಒಂದು ಮಾತು. ಬೇರು ಕುದಿಸಿದ ನೀರು ನೊರೆ ಕೊಡುತ್ತದೆ, ನಿಜ. ಹಳೆಯ ನಾಜೂಕು ಬಟ್ಟೆಗಳನ್ನು ತೊಳೆಯಲು ಇದನ್ನು ಬಳಸುವುದೂ ಉಂಟು. ಆದರೆ ಆ ಕಷಾಯ ಕೆಲವೇ ದಿನಕ್ಕೆ ಕೆಟ್ಟು ನಾರುತ್ತದೆ, ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಇಂಡಿಯನ್ ಸ್ಟೋರ್‌ನಲ್ಲಿ ಸೀಗೆಪುಡಿ ಸಿಗುವಾಗ ಇದಕ್ಕಾಗಿ ಗುದ್ದಲಿ ಹಿಡಿಯುವುದು ನನ್ನ ಮಟ್ಟಿಗೆ ದಂಡ.

ಕೊಳ್ಳುವಾಗ ಎಲೆ ನೋಡಿ. ಅಫಿಷಿನಾಲಿಸ್ ಎಲೆ ನುಣುಪು, ಬೆರಳುದ್ದ, ಎದುರುಬದುರು ಜೋಡಿಯಾಗಿರುತ್ತದೆ. ಬುಡದಿಂದ ತುದಿಯ ಕಡೆಗೆ ಮೂರು ನರ ಎದ್ದು ಕಾಣುತ್ತವೆ. ಕಾಂಡ ನೆಟ್ಟಗೆ, ಗಿಣ್ಣು ದಪ್ಪ. ಒಸಿಮಾಯ್ಡಿಸ್ ಎಲೆ ಸಣ್ಣದು, ಕಾಂಡ ತೆಳ್ಳಗೆ ಕೂದಲು ಕೂದಲಾಗಿ ನೆಲಕ್ಕೆ ಒರಗಿರುತ್ತದೆ. ‘ರೋಸಿಯಾ ಪ್ಲೀನಾ’ ಎಂಬ ಸುತ್ತುಸುತ್ತು ಎಸಳಿನ ಹೂವಿನ ಗಿಡ ಕಂಡು ಮರುಳಾಗಬೇಡಿ, ಅದೂ ಅಫಿಷಿನಾಲಿಸ್ ತಳಿಯೇ, ಬೇರಿನ ಬುದ್ಧಿ ಬದಲಾಗಿಲ್ಲ.

ಈಗಾಗಲೇ ಮನೆಗೆ ಬಂದುಬಿಟ್ಟಿದ್ದರೆ ಟಿಲ್ಲರ್ ಮುಟ್ಟಿಸಬೇಡಿ. ಮಣ್ಣು ಒದ್ದೆ ಇರುವಾಗ ಕೈಗುದ್ದಲಿಯಿಂದ ಸಡಿಲಿಸಿ, ಬೇರನ್ನು ತುಂಡಾಗದಂತೆ ಉದ್ದಕ್ಕೆ ಎಳೆಯಿರಿ. ಎಲ್ಲ ಬಗೆಯಲು ಆಗದಿದ್ದರೆ ಹೂವನ್ನಾದರೂ ಬೀಜ ಕಟ್ಟುವ ಮುಂಚೆ ಕತ್ತರಿಸಿ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಚೀಲ ಕಟ್ಟಿ ಕಸಕ್ಕೆ ಹಾಕಿ. ಚಿಗುರು ಬಂದಾಗಲೆಲ್ಲ ಮತ್ತೆ ಕೀಳಬೇಕು, ಒಂದೆರಡು ವರ್ಷದ ಕೆಲಸ ಎಂದೇ ಇಟ್ಟುಕೊಳ್ಳಿ. ಕಳೆನಾಶಕ ಹೊಡೆಯುವ ಯೋಚನೆ ಇದ್ದರೆ ಮೊದಲು ನಿಮ್ಮ ಕೌಂಟಿಯ ಕಳೆ ನಿಯಂತ್ರಣದವರಿಗೆ ಫೋನ್ ಮಾಡಿ. ಬೇಲಿ ದಾಟಿದ್ದರೆ ಪಕ್ಕದವರಿಗೂ ಈಗಲೇ ಹೇಳಿಬಿಡಿ, ಅವರ ಕಡೆ ಒಂದು ಬೇರು ಉಳಿದರೂ ನೀವು ಕಿತ್ತದ್ದು ದಂಡ.