ಟಿಪ್ಪಣಿ ಇಲ್ಲದ ಪ್ರತಿ ಕೊಳ್ಳಬೇಡಿ: ಫ್ಲೋರಾ ಆ್ಯನಿ ಸ್ಟೀಲ್ ಅವರ ‘ಟೇಲ್ಸ್ ಆಫ್ ದಿ ಪಂಜಾಬ್’

ಇಂಗ್ಲಿಷ್ ಲೇಖಕಿ ಫ್ಲೋರಾ ಆ್ಯನಿ ಸ್ಟೀಲ್ (1847–1929) ಪಂಜಾಬಿನಲ್ಲಿ ಕೇಳಿ ಬರೆದಿಟ್ಟ ಈ ಕತೆಗಳ ಹಕ್ಕುಸ್ವಾಮ್ಯ ಮುಗಿದು ಬಹಳ ಕಾಲವಾಯಿತು. ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಕುತ್ತಲೂ ಇದ್ದಾರೆ. ಹೆಸರು ಒಂದೇ ಆದರೂ ಒಳಗಿನ ಸರಕು ಒಂದೇ ಅಲ್ಲ.

ಪುಸ್ತಕ ಮೊದಲು ಬಂದದ್ದು 1884ರಲ್ಲಿ, ‘ವೈಡ್-ಅವೇಕ್ ಸ್ಟೋರೀಸ್’ ಎಂಬ ಹೆಸರಿನಲ್ಲಿ, ಜಾನಪದ ಸಂಗ್ರಾಹಕ ರಿಚರ್ಡ್ ಕಾರ್ನಾಕ್ ಟೆಂಪಲ್ ಜೊತೆಗೂಡಿ. ಈಗಿನ ಹೆಸರಿನ ಮ್ಯಾಕ್‌ಮಿಲನ್ ಆವೃತ್ತಿ 1894ರದು. ಅದರಲ್ಲಿ 43 ಕತೆ, ಲಾಕ್‌ವುಡ್ ಕಿಪ್ಲಿಂಗ್ ಬಿಡಿಸಿದ ಚಿತ್ರ, ಕೊನೆಯಲ್ಲಿ ಟೆಂಪಲ್ ಬರೆದ ಟಿಪ್ಪಣಿ. ಕೊಳ್ಳುವ ಮುನ್ನ ಈ ಮೂರೂ ಇವೆಯೇ ನೋಡಿ. ಚಿತ್ರ ಇಲ್ಲದಿದ್ದರೂ ನಡೆದೀತು, ಟಿಪ್ಪಣಿ ಇಲ್ಲದಿದ್ದರೆ ಬಿಟ್ಟುಬಿಡಿ.

ಕಾರಣ ಹೆಸರುಗಳು. ಇಂಗ್ಲಿಷ್ ಮಕ್ಕಳ ಬಾಯಿಗೆ ಒಗ್ಗಲೆಂದು ಸ್ಟೀಲ್ ಪಾತ್ರಗಳ ಹಲವು ಹೆಸರುಗಳನ್ನು ಬದಲಿಸಿದ್ದಾರೆ. ಗೇಣುದ್ದದ ‘ಸರ್ ಬಜ್’ ಮೂಲದಲ್ಲಿ ಮಿಯಾನ್ ಭೂಂಗಾ. ‘ವೇಲಿಯಂಟ್ ವಿಕಿ’ ಎಂಬ ನೇಕಾರ ಫತೇಖಾನ್. ‘ಪೀಸಿ ಮತ್ತು ಬೀನ್ಸಿ’ ಅಕ್ಕತಂಗಿಯರು ಮೋಠೋ, ಮೂಂಗೋ, ಅಂದರೆ ನಮ್ಮ ಮಡಿಕೆಕಾಳು, ಹೆಸರುಕಾಳು! ‘ಪ್ರಿನ್ಸೆಸ್ ಆಬರ್ಜೀನ್’ ಎಂದರೆ ಫ್ರಾನ್ಸಿನ ಕತೆಯೇನೋ ಅನ್ನಿಸುತ್ತದೆ. ಮೂಲದಲ್ಲಿ ಅವಳು ಬೈಂಗನ್ ಬಾದಶಾಹಜಾದಿ, ಬದನೆಕಾಯಿ ರಾಜಕುಮಾರಿ. ಇದೆಲ್ಲ ತಿಳಿಯುವುದು ಟಿಪ್ಪಣಿಯಿಂದಲೇ. ಮಕ್ಕಳಿಗೆ ಕನ್ನಡದಲ್ಲಿ ಹೇಳುವವರು ಮೂಲದ ಹೆಸರನ್ನೇ ಹಿಡಿದುಕೊಂಡರೆ ಕತೆ ಅರ್ಧ ದಾರಿ ತಾನೇ ನಡೆದು ಬರುತ್ತದೆ.

ಸಂಕಲನದ ಅತ್ಯುತ್ತಮ ಕತೆಯೂ ಈ ಬದನೆಕಾಯಿಯದೇ. ಅವಳ ಪ್ರಾಣ ಇರುವುದು ದೂರದ ನದಿಯ ಮೀನಿನೊಳಗಿನ ದುಂಬಿಯೊಳಗಿನ ಪೆಟ್ಟಿಗೆಯಲ್ಲಿ, ಒಂಬತ್ತು ಲಕ್ಷದ ಹಾರದಲ್ಲಿ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಕ್ಕಸನ ಜೀವ ಕೇಳಿ ಬೆಳೆದವರಿಗೆ ಇದು ನೆಂಟರ ಮನೆ. ‘ಲ್ಯಾಂಬಿಕಿನ್’ ಪುಟ್ಟ ಮಕ್ಕಳಿಗೆ: ಅಜ್ಜಿ ಮನೆಯಲ್ಲಿ ಕೊಬ್ಬಿದ ಕುರಿಮರಿ ಡೋಲಿನೊಳಗೆ ಕೂತು ಉರುಳುತ್ತಾ ಬರುತ್ತದೆ. ಕುಂಬಳಕಾಯಿಯೊಳಗೆ ಕೂತು ಉರುಳುವ ಮರಾಠಿಯ ‘ಚಲ್ ರೇ ಭೋಪಳ್ಯಾ’ ಅಜ್ಜಿಯ ಹತ್ತಿರದ ಬಂಧು. ಆದರೆ ಆ ಡೋಲು ಸತ್ತ ತಮ್ಮನ ಚರ್ಮದ್ದು, ಕೊನೆಗೆ ನರಿ ಮರಿಯನ್ನು ತಿಂದೇಬಿಡುತ್ತದೆ. ಮಲಗುವ ಹೊತ್ತಿಗೆ ಓದುವವರು ಮೊದಲೇ ಒಮ್ಮೆ ಕಣ್ಣಾಡಿಸಿರಲಿ. ಪಂಜಾಬಿನ ದಂತಕತೆಗಳ ನಾಯಕ ರಾಜಾ ರಸಾಲುವಿನ ಎಂಟು ಕತೆಗಳನ್ನು ಬಿಡಿಬಿಡಿಯಾಗಿ ಓದಬೇಡಿ. ಹುಟ್ಟಿನಿಂದ ಸರ್ಕಪ ರಾಜನೊಡನೆ ತಲೆಯನ್ನೇ ಪಣವಿಟ್ಟು ಆಡುವ ಪಗಡೆಯವರೆಗೆ ಅದು ಒಂದೇ ಎಳೆ.

ಕೊರತೆಗಳೂ ಇವೆ. ಭಾಷೆ ಹಳೆಯ ಇಂಗ್ಲಿಷು, ವಾಕ್ಯಗಳು ಉದ್ದ, ಹತ್ತು ವರ್ಷದೊಳಗಿನ ಮಕ್ಕಳು ತಾವಾಗಿ ಓದಲಾರರು. ಬೇಡಿಕೆ ಬಂದಾಗ ಅಚ್ಚು ಹಾಕುವ ಅಗ್ಗದ ಪ್ರತಿಗಳ ಗೋಳು ಬೇರೆ: ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದುವಾಗ ದೀರ್ಘಸ್ವರ ತೋರಿಸಲು ಅಕ್ಷರದ ಮೇಲಿಟ್ಟ ಟೊಪ್ಪಿಗೆಗಳು ಕಲಸಿಹೋಗಿ, ಬೇಕಾದ ಹೆಸರುಗಳೇ ಓದಲಾರದಂತಾಗುತ್ತವೆ. ಮಾದರಿ ಪುಟ ತೋರಿಸುವ ಅಂಗಡಿಯಾದರೆ ಕತೆಯ ಪುಟ ಬಿಟ್ಟು ಕೊನೆಯ ಪುಟಗಳನ್ನೇ ತೆರೆದು ನೋಡಿ. ಬರೀ ಪಠ್ಯ ಸಾಕೆಂದರೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತ.

ಲೇಖಕಿಯ ಬಗ್ಗೆ ಒಂದು ಮಾತು. ಹಳ್ಳಿಯ ಹುಡುಗರು ಹೇಳಿದ ಕತೆಗೆ ಇಷ್ಟು ಕಿವಿಗೊಟ್ಟ ಇದೇ ಸ್ಟೀಲ್, ಗ್ರೇಸ್ ಗಾರ್ಡಿನರ್ ಜೊತೆ ಬರೆದ ಮನೆವಾರ್ತೆಯ ಕೈಪಿಡಿಯಲ್ಲಿ ಭಾರತೀಯ ಆಳುಗಳನ್ನು ಮಕ್ಕಳಂತೆ ನಡೆಸಿಕೊಳ್ಳಿ ಎಂದು ಮೇಮ್‌ಸಾಹೇಬರಿಗೆ ಬುದ್ಧಿ ಹೇಳಿದವರು. ಆ ದನಿ ಈ ಪುಸ್ತಕದಲ್ಲಿ ಕಡಿಮೆ, ಯಾಕೆಂದರೆ ಇಲ್ಲಿ ಮಾತು ಅವರದಲ್ಲ. 1857ರ ದಂಗೆಯ ಮೇಲಿನ ಅವರ 1896ರ ಕಾದಂಬರಿ ‘ಆನ್ ದಿ ಫೇಸ್ ಆಫ್ ದಿ ವಾಟರ್ಸ್’ನಲ್ಲಿ ಮಾತು ಪೂರ್ತಿ ಅವರದೇ, ಅದನ್ನು ಕೈಗೆತ್ತಿಕೊಳ್ಳುವವರು ಈ ಕತೆಗಳ ಹಗುರನ್ನು ಅಲ್ಲಿ ಹುಡುಕಬಾರದು.