ಪ್ರೊಪೆಲ್ಲರ್ ಬಿಚ್ಚದೆಯೇ ಸೀಲ್ ಬದಲಿಸಿದ ವರ್ಕ್‌ಶಾಪ್: ಸಣ್ಣ ವಿಮಾನ ಇಟ್ಟುಕೊಂಡವರು ದಯವಿಟ್ಟು ಓದಿ

ಪುಣೆಯ ಸುತ್ತಮುತ್ತ ಸಣ್ಣ ವಿಮಾನ ಇಟ್ಟುಕೊಂಡಿರುವ ಕನ್ನಡಿಗರು ಬೆರಳೆಣಿಕೆಯಷ್ಟು. ಅವರಾದರೂ ನಮಗಾದ ಮೋಸಕ್ಕೆ ಸಿಕ್ಕಿಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಆಯಿಲ್ ಸೋರಿಕೆ ಸರಿಪಡಿಸುತ್ತೇವೆಂದು ವಿಮಾನವನ್ನು ಒಳಗೆ ತೆಗೆದುಕೊಂಡ ವರ್ಕ್‌ಶಾಪಿನವರು ಮಾಡದ ಕೆಲಸಕ್ಕೆ ಬಿಲ್ ಹಾಕಿದರು. ಅದು ಸಾಲದೆಂಬಂತೆ, ಮಾಡಿದ್ದೇವೆಂದು ಲಾಗ್‌ಬುಕ್ಕಿನಲ್ಲಿ ಬರೆದು ಸಹಿಯನ್ನೂ ಹಾಕಿದರು. ಹೋದ ಹಣಕ್ಕಿಂತ ಆ ಸಹಿಯೇ ನನ್ನನ್ನು ಹೆಚ್ಚು ಕೆರಳಿಸುತ್ತಿದೆ.

ನಾವು ಕೆಲವು ಸ್ನೇಹಿತರು ಸೇರಿ ಇಟ್ಟುಕೊಂಡಿರುವುದು ಹಳೆಯ ಸೆಸ್ನಾ 172. ಅದರಲ್ಲಿರುವುದು 150 ಅಶ್ವಶಕ್ತಿಯ ಲೈಕಮಿಂಗ್ ಓ-320 ಎಂಜಿನ್. ಅದರ ತಳದ ಆಯಿಲ್ ತೊಟ್ಟಿಯಾದ ಸಂಪಿನಲ್ಲಿ 8 ಕ್ವಾರ್ಟ್, ಅಂದರೆ ಸುಮಾರು ಏಳೂವರೆ ಲೀಟರ್ ಆಯಿಲ್ ಹಿಡಿಯುತ್ತದೆ. ಪೂರ್ತಿ ತುಂಬಿಸಿದರೆ ಮೇಲಿನ ಒಂದಿಷ್ಟನ್ನು ಒಳಗಿನ ಆವಿ ಹೊರಬಿಡುವ ಬ್ರೀದರ್ ಕೊಳವೆಯ ಮೂಲಕ ಹೊರಗೆ ಉಗುಳುವುದು ಈ ಎಂಜಿನ್‌ಗಳ ಹಳೆಯ ಚಾಳಿಯಾದ್ದರಿಂದ ಹೊಟ್ಟೆಯ ಕೆಳಗೆ ತೆಳುವಾದ ಎಣ್ಣೆಪಸೆ ಕಂಡರೆ ಯಾರೂ ಗಾಬರಿಯಾಗುವುದಿಲ್ಲ. ಆದರೆ ಈ ಸಲ ಬ್ರೀದರ್‌ಗೆ ಸಂಬಂಧವೇ ಇಲ್ಲದ ಬಲಬದಿಯಲ್ಲಿ, ಎಂಜಿನ್ನಿನ ಹೊದಿಕೆಯಾದ ಕೌಲಿಂಗಿನ ಅಂಚಿನಿಂದ ಕಪ್ಪು ಗೆರೆಗಳು ಇಳಿದಿದ್ದವು, ಕ್ಯಾಬಿನ್ನಿನಲ್ಲಿ ಸುಟ್ಟ ಎಣ್ಣೆಯ ವಾಸನೆಯಿತ್ತು, ಡಿಪ್‌ಸ್ಟಿಕ್ ತೋರಿಸುವ ಆಯಿಲ್ ಮಟ್ಟ ಪ್ರತಿ ಹಾರಾಟದ ನಂತರವೂ ಕೆಳಗಿಳಿಯುತ್ತಿತ್ತು. ಸೋರಿದ ಆಯಿಲ್ ಕಾದ ಎಕ್ಸಾಸ್ಟ್ ಮೇಲೆ ಬಿದ್ದರೆ ಏನಾಗಬಹುದು, ಸಹ್ಯಾದ್ರಿಯ ಮೇಲೆ ಇರುವಾಗ ಆಯಿಲ್ ಪ್ರೆಶರ್ ಬಿದ್ದರೆ ಇಳಿಯಲು ಎಲ್ಲಿ ಜಾಗವಿದೆ ಎಂಬುದನ್ನು ಹಾರಿಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವರ್ಕ್‌ಶಾಪಿನಲ್ಲಿ ನಮ್ಮೊಡನೆ ವ್ಯವಹರಿಸಿದವರು ವಿಜಯಪುರದ ಕಡೆಯವರು. ಕನ್ನಡದಲ್ಲಿ ಮಾತನಾಡಿಸಿದರು, ಚಹಾ ಕುಡಿಸಿದರು, ಕೌಲಿಂಗನ್ನು ಅರ್ಧ ಎತ್ತಿ ಟಾರ್ಚ್ ಬಿಟ್ಟು ನೋಡಿ, "ಸರ, ಇದು ಮುಂದಿನ ಕ್ರ್ಯಾಂಕ್‌ಶಾಫ್ಟ್ ಸೀಲ್ ಹೋಗೇತ್ರಿ, ನೂರಕ್ಕ ನೂರು" ಎಂದರು. ಪ್ರೊಪೆಲ್ಲರ್ ತಿರುಗಿಸುವ ದಂಡ ಎಂಜಿನ್ನಿನಿಂದ ಹೊರಬರುವಲ್ಲಿ ಎಣ್ಣೆ ಸೋರದಂತೆ ತಡೆಯುವ ಬಳೆಯೇ ಈ ಸೀಲ್. ಎಂಜಿನ್ ತೊಳೆಯಲಿಲ್ಲ, ಚಾಲೂ ಮಾಡಿ ನೋಡಲಿಲ್ಲ. ಮುಂದಿನ ಸೀಲ್ ಹೋಗಿದ್ದರೆ ಪ್ರೊಪೆಲ್ಲರ್ ನಡುವಿನ ಚೂಪು ಮುಚ್ಚಳವಾದ ಸ್ಪಿನ್ನರ್‌ನ ಹಿಂಭಾಗ, ಕೌಲಿಂಗಿನ ಮೂತಿ, ಕೊನೆಗೆ ವಿಂಡ್‌ಶೀಲ್ಡ್ ಮೇಲೂ ಎಣ್ಣೆಯ ಹನಿಗಳು ಕಾಣಬೇಕಲ್ಲವೇ ಎಂದು ಕೇಳಿದ್ದಕ್ಕೆ, "ಗಾಳಿ ಹ್ಯಾಂಗ ಹೊಡೀತೈತಿ ಅನ್ನೂದರ ಮ್ಯಾಲ ಇರ್ತೈತ್ರಿ" ಎಂಬ ಉತ್ತರ ಬಂತು. ವಿಮಾನ ಮರಳಿ ಬಂದಾಗ ಹೊಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬಿಲ್ಲಿನಲ್ಲಿ ಹೊಸ ಸೀಲ್, ಪ್ರೊಪೆಲ್ಲರ್ ಇಳಿಸಿ ಏರಿಸಿದ ಕೂಲಿ, ಸಿಲಿಂಡರ್ ತಲೆಯ ಮುಚ್ಚಳಗಳಾದ ರಾಕರ್ ಕವರ್‌ಗಳ ಗ್ಯಾಸ್ಕೆಟ್‌ಗಳು, ಎಲ್ಲವೂ ಇದ್ದವು.

ಮೊದಲ ಹಾರಾಟದಲ್ಲೇ ಅದೇ ಬದಿಯಲ್ಲಿ ಅದೇ ಗೆರೆಗಳು ಕಾಣಿಸಿದವು. ಫೋನ್ ಮಾಡಿದರೆ ಒಳಗೆ ಉಳಿದಿದ್ದ ಹಳೆಯ ಎಣ್ಣೆ ಇಳಿಯುತ್ತಿದೆ ಎಂದರು. ಮತ್ತೆ ಸೋರಿತು. ಹೊಸ ಸೀಲ್ ಕೂರಲು ಇನ್ನಷ್ಟು ಗಂಟೆಗಳ ಹಾರಾಟ ಬೇಕೆಂದರು. ಮತ್ತೆ ಸೋರಿದಾಗ ಬಂದ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ: "ಸರ, ಹಳೇ ಎಂಜಿನ್ ಎಣ್ಣಿ ಸೋರೂದು ನಿಂದ್ರಿಸ್ತಂದ್ರ ಒಳಗ ಎಣ್ಣಿ ಖಾಲಿ ಆಗೇತಿ ಅಂತ ತಿಳ್ಕೋರಿ." ಹೇಳಿ ನಕ್ಕರು. ನಮ್ಮ ಹಣ ತೆಗೆದುಕೊಂಡವರು ನಕ್ಕರು.

ಕೊನೆಗೆ ಬೇರೆ ಊರಿನಿಂದ ಇನ್ನೊಬ್ಬ ಲೈಸೆನ್ಸ್ ಇರುವ ಎಂಜಿನಿಯರ್ ಬಂದರು. ಸ್ಪಿನ್ನರ್ ಬಿಚ್ಚಿ ಒಳಗೆ ನೋಡಿ, ಏನೂ ಹೇಳದೆ ನನ್ನನ್ನು ಹತ್ತಿರ ಕರೆದರು. ಪ್ರೊಪೆಲ್ಲರ್ ಬೋಲ್ಟ್‌ಗಳು ಸಡಿಲವಾಗದಂತೆ ತಿರುಚಿ ಕಟ್ಟುವ ಲಾಕ್‌ವೈರ್ ಮಂಕಾಗಿತ್ತು, ಅದರ ತಿರುವುಗಳೊಳಗೆ ಹಳೆಯ ಕೊಳೆ ಗಟ್ಟಿಯಾಗಿ ಕೂತಿತ್ತು, ಬೋಲ್ಟ್ ತಲೆಗಳ ಮೇಲಿನ ಬಣ್ಣದ ಗುರುತು ಒಂದು ಕಡೆಯೂ ಬಿರಿದಿರಲಿಲ್ಲ. ಲಾಕ್‌ವೈರ್ ಕತ್ತರಿಸದೆ ಆ ಬೋಲ್ಟ್‌ಗಳನ್ನು ತಿರುಗಿಸಲಾಗದು, ಕತ್ತರಿಸಿದ ವೈರನ್ನು ಮತ್ತೆ ಹಾಕುವಂತಿಲ್ಲ. ಹಿಂದಿನ ವಾರ್ಷಿಕ ತಪಾಸಣೆಯಲ್ಲಿ ನಾನೇ ತೆಗೆದಿದ್ದ ಫೋಟೋವನ್ನು ಫೋನಿನಲ್ಲಿ ತೆರೆದು ಪಕ್ಕಕ್ಕೆ ಹಿಡಿದೆ. ಎಡಕ್ಕೆ ಡೊಂಕಾಗಿ ಮಡಚಿದ್ದ ವೈರಿನ ತುದಿ ಕೂಡ ಅದೇ. ಪ್ರೊಪೆಲ್ಲರ್ ಜಾಗದಿಂದ ಕದಲಿಯೇ ಇರಲಿಲ್ಲ! ಸ್ನೇಹಿತರೆಲ್ಲರೂ ಅಲ್ಲೇ ನಿಂತಿದ್ದರು. ಅವರ ಪಾಲಿನ ಹಣವನ್ನೂ ಸೇರಿಸಿ ಕಟ್ಟಿದ್ದ ನಾನು ಯಾರ ಮುಖವನ್ನೂ ನೋಡಲಾಗದೆ ನಿಂತೆ.

ಆ ಎಂಜಿನಿಯರ್ ಮ್ಯಾಗ್ನೆಟೋ, ಆಲ್ಟರ್ನೇಟರ್ ಎಂಬ ವಿದ್ಯುತ್ ಭಾಗಗಳನ್ನು ಮುಚ್ಚಿ ಎಂಜಿನ್ನನ್ನು ಸಾಲ್ವೆಂಟ್‌ನಿಂದ ತೊಳೆದು, ಗಾಳಿಯಿಂದ ಒಣಗಿಸಿ, ಬಿರುಕು ಹುಡುಕಲು ಬಳಸುವ ಬಿಳಿ ಡೆವಲಪರ್ ಪುಡಿಯನ್ನು ತೆಳುವಾಗಿ ಸಿಂಪಡಿಸಿ, ಕೆಲವೇ ನಿಮಿಷ ಗ್ರೌಂಡ್ ರನ್ ಮಾಡಿಸಿದರು. ಹಾರಾಟದಲ್ಲಿ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುವುದರಿಂದ ಒದ್ದೆ ಕಂಡಲ್ಲೆಲ್ಲ ಮೂಲವಿರುವುದಿಲ್ಲ. ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಮೇಲೆ ಒದ್ದೆಯಾದ ಜಾಗವನ್ನು ಹುಡುಕಬೇಕು. ಕನ್ನಡಿ ಹಿಡಿದು ನೋಡಿದಾಗ 1ನೇ ಸಿಲಿಂಡರ್ ಕೆಳಗೆ, ತಲೆಯ ಭಾಗದಿಂದ ಆಯಿಲನ್ನು ಸಂಪಿಗೆ ಮರಳಿಸುವ ಕೊಳವೆಯ ರಬ್ಬರ್ ಜೋಡಣೆಯಲ್ಲಿ, ಬಿಳಿಯ ಮೇಲೆ ಒಂದೇ ಒಂದು ಕಪ್ಪು ಎಳೆ ಕಾಣಿಸಿತು. ಶಾಖಕ್ಕೆ ಗಟ್ಟಿಯಾಗಿದ್ದ ಆ ರಬ್ಬರ್ ಬೆರಳಲ್ಲಿ ಒತ್ತಿದೊಡನೆ ಸೀಳಿತು. ಒಂದು ಗೇಣೂ ಇಲ್ಲದ ಹೋಸ್ ತುಂಡು, ಎರಡು ಕ್ಲ್ಯಾಂಪ್. ಸೋರಿಕೆ ನಿಂತಿತು. ರಾಕರ್ ಕವರ್‌ಗಳಲ್ಲಿ ಹೊಸ ಗ್ಯಾಸ್ಕೆಟ್ ಇರಲಿಲ್ಲ. ಹಳೆಯದರ ಅಂಚಿಗೆ ಕಾರಿನ ಸಿಲಿಕೋನ್ ಮೆತ್ತಿದ್ದರು. ಅದರ ಚೂರು ಕಳಚಿ ಒಳಗೆ ಬಿದ್ದು ಸಂಪಿನ ಸಕ್ಷನ್ ಜಾಲರಿಗೆ ಸಿಕ್ಕಿಕೊಂಡರೆ ಪಂಪಿಗೆ ಆಯಿಲ್ ಬರುವುದೇ ಕಷ್ಟವಾಗುತ್ತದೆ. ಸೋರಿಕೆಗಿಂತ ದೊಡ್ಡ ಅಪಾಯವನ್ನು ಹಣ ಕೊಟ್ಟು ಹಾಕಿಸಿಕೊಂಡಂತಾಯಿತು.

ಫೋಟೋ ಕಳುಹಿಸಿದ ಮೇಲೆ ವರ್ಕ್‌ಶಾಪಿನವರ ಮಾತಿನ ಧಾಟಿಯೇ ಬದಲಾಯಿತು. ತಾವು ಹಾಕಿದ್ದು ಸ್ಪ್ಲಿಟ್ ಸೀಲ್ (ಒಂದು ಕಡೆ ಸೀಳಿರುವ ಬಳೆ), ಅದಕ್ಕೆ ಪ್ರೊಪೆಲ್ಲರ್ ತೆಗೆಯಬೇಕಾಗಿಲ್ಲ ಎಂದರು. ಸೀಲ್ ಇರುವುದು ದಂಡದ ತುದಿಯ ಅಗಲ ಬಿಲ್ಲೆಯಾದ ಪ್ರೊಪೆಲ್ಲರ್ ಫ್ಲ್ಯಾಂಜಿನ ಹಿಂದೆ. ಅದರ ಮುಂದೆ ಸ್ಟಾರ್ಟರ್ ರಿಂಗ್ ಗೇರ್, ಅದರ ಮುಂದೆ ಪ್ರೊಪೆಲ್ಲರ್. ಎರಡನ್ನೂ ಇಳಿಸದೆ ಅಲ್ಲಿಗೆ ಕೈ ಹಾಕಿದ್ದು ಹೇಗೆಂದು ಕೇಳಿದೆ, ಉತ್ತರವಿಲ್ಲ. ತೆಗೆಯಲು ಕೂಲಿಯನ್ನೇಕೆ ಬಿಲ್ಲಿಗೆ ಸೇರಿಸಿದಿರಿ ಎಂದೆ, ಅದಕ್ಕೂ ಉತ್ತರವಿಲ್ಲ. ಹಳೆಯ ಸೀಲ್ ಕೇಳಿದರೆ ಕಸಕ್ಕೆ ಹೋಯಿತಂತೆ, ಹೊಸದು ಅಧಿಕೃತವೆಂದು ತೋರಿಸುವ ರಿಲೀಸ್ ಸರ್ಟಿಫಿಕೇಟ್ ಕೇಳಿದರೆ ಸ್ಟೋರಿನವರು ರಜೆಯಲ್ಲಿದ್ದಾರಂತೆ. ಕೊನೆಯ ಸಂದೇಶ: "ನೀವು ಬ್ಯಾರೆಯವರ ಕಡೆ ಬಿಚ್ಚಿಸೀರಿ, ಇನ್ನ ನಮ್ಮ ಗ್ಯಾರಂಟಿ ಇಲ್ರಿ."

ಆದ್ದರಿಂದ, ತೊಳೆದು ಓಡಿಸಿ ನೋಡದೆ ಸೋರಿಕೆಯ ಜಾಗ ಹೇಳುವವರಿಗೆ ವಿಮಾನ ಕೊಡಬೇಡಿ. ಕೊಡುವ ಮೊದಲು ಲಾಕ್‌ವೈರ್, ಗ್ಯಾಸ್ಕೆಟ್ ಅಂಚು, ಕ್ಲ್ಯಾಂಪ್‌ಗಳ ಫೋಟೋ ತೆಗೆಯಿರಿ. ತೆಗೆದ ಹಳೆಯ ಭಾಗಗಳೂ ಹೊಸ ಭಾಗಗಳ ದಾಖಲೆಗಳೂ ಕೈಗೆ ಬರುವವರೆಗೆ ಪೂರ್ತಿ ಹಣ ಕಟ್ಟಬೇಡಿ, ಎದುರಿಗಿರುವವರು ಎಷ್ಟೇ ಸಿಹಿ ಕನ್ನಡ ಮಾತನಾಡಲಿ. ಲಾಗ್‌ಬುಕ್ಕಿನ ಆ ಪುಟದ ಪ್ರತಿ, ಬಿಲ್ ಮತ್ತು ಎರಡೂ ಫೋಟೋಗಳನ್ನು ಸೇರಿಸಿ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಗೆ ದೂರು ಕಳುಹಿಸಿದ್ದೇನೆ. ಹಣ ಇನ್ನೂ ಬಂದಿಲ್ಲ.